ದೇವರಮನೆಯಿಂದ ಹೊರಟಿದ್ದ ಡೇಟಾ

೨೦೨೪ರಲ್ಲಿ ನಾನು ಕಡೂರಿನಲ್ಲಿದ್ದೆ. ದೂರಸಂಪರ್ಕ ಸಂಸ್ಥೆಯೊಂದರಲ್ಲಿ ಉಪವಿಭಾಗದ ಇಂಜಿನಿಯರ್ ಹುದ್ದೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳ ಇಂಟರ್ನೆಟ್ ಲೈನುಗಳ ಹೊಣೆ ನನ್ನದು. ನಿವೃತ್ತಿಗೆ ಇನ್ನೇನು ಒಂದು ವರ್ಷವಿತ್ತು. ಆ ವಯಸ್ಸಿಗೆ ಬಂದ ಅಧಿಕಾರಿಗಳು ಸಾಮಾನ್ಯವಾಗಿ ಫ್ಯಾನಿನ ಕೆಳಗೆ ಕೂತು ಸಹಿ ಹಾಕುತ್ತಾರೆ. ನನಗೋ ಕೂತರೆ ಕಾಲು ಜೋಮು ಹಿಡಿಯುತ್ತದೆ, ಮೇಲಾಗಿ ಕೋಪವೂ ಬೇಗ ಬರುತ್ತದೆ. ಹಾಗಾಗಿ ದೊಡ್ಡ ದೂರು ಬಂದರೆ ಲೈನ್‌ಮನ್ ಹಾಲಪ್ಪನ ಜೊತೆ ಜೀಪು ಹತ್ತಿ ನಾನೇ ಹೋಗುತ್ತಿದ್ದೆ. "ಮೇಡಂ ಬರ್ತಾರೆ ಅಂದ್ರೆ ಕೇಬಲ್ಲೇ ಹೆದರಿ ಸರಿ ಹೋಗ್ತದೆ" ಎಂದು ಹಾಲಪ್ಪ ಹಿಂದಿನಿಂದ ನಗುತ್ತಿದ್ದುದು ನನಗೆ ಗೊತ್ತಿತ್ತು.

ನಮ್ಮ ಕೆಲಸದ ಬಗ್ಗೆ ಜನ ಆಡುವುದು ಒಂದೇ ಮಾತು: ನೆಟ್ ಬರ್ತಿಲ್ಲ. ಎಲ್ಲಿಂದ ಬರಬೇಕು, ಬರುವುದಾದರೂ ಏನು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ನಾನು ಹೇಳುತ್ತಿದ್ದೆ. ಇಲ್ಲಿಯೂ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕಾಗುತ್ತದೆ. ಈ ಮೂರು ಊರುಗಳ ನಡುವೆ ರಸ್ತೆಯ ಪಕ್ಕದ ನೆಲದಡಿ ಆಪ್ಟಿಕಲ್ ಫೈಬರ್ ಹೋಗಿದೆ. ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ. ಅದರೊಳಗೆ ಕರೆಂಟು ಓಡುವುದಿಲ್ಲ, ಬೆಳಕು ಓಡುತ್ತದೆ. ಕಣ್ಣಿಗೆ ಕಾಣದ ಆ ಬೆಳಕು ಹೊತ್ತಿ ಆರುವ ಲೆಕ್ಕದಲ್ಲೇ ನಿಮ್ಮ ಮಾತು, ಚಿತ್ರ, ಪಹಣಿ, ಸಿನಿಮಾ ಎಲ್ಲವೂ ಅಡಗಿರುತ್ತವೆ. ಊರೂರುಗಳ ನಡುವಿನ ಕೇಬಲ್ ಉಂಗುರದ ಹಾಗೆ ಸುತ್ತಿಕೊಂಡಿರುವುದರಿಂದ ಒಂದು ಕಡೆ ಜೆಸಿಬಿ ಕಡಿದು ಹಾಕಿದರೂ ಇನ್ನೊಂದು ಕಡೆಯಿಂದ ಬಳಸಿ ಹೋಗಬಹುದು. ಆದರೆ ಬೀದಿಯ ಕಂಬದಿಂದ ನಿಮ್ಮ ಮನೆಗೆ ಬರುವುದು ಒಂದೇ ಎಳೆ. ಅದಕ್ಕೆ ಏನಾದರೂ ಆದರೆ ಬಳಸುದಾರಿ ಇಲ್ಲ.

ಒಂದು ದಿನ ಅಜ್ಜಂಪುರದಲ್ಲಿ ಬೇರೊಂದು ಕೆಲಸ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಬಿಲ್ಲಿನ ಮೇಲೆ ಅಚ್ಚಾದ ನನ್ನ ನಂಬರಿಗೆ ಒಬ್ಬ ಹೆಂಗಸಿನ ಕರೆ ಬಂತು. "ಮೇಡಂ, ನಾನು ಗಿರಿಜಮ್ಮ, ಪೇಟೆ ಬೀದಿ ಕೊಬ್ಬರಿ ಮಂಡಿ ಮಹೇಶ್ವರಪ್ಪನೋರ ಮನೆಯಿಂದ. ನಮ್ಮನೆ ನೆಟ್ ತಡೆದು ತಡೆದು ಬತ್ತೈತೆ. ಈಗ್ಲೇ ಸರಿಯಾಗ್ಬೇಕು."

"ಕಂಪ್ಲೇಂಟ್ ಬರೆಸಿದ್ದೀರಾ?"

"ಈಗ್ಲೇ ಸರಿಯಾಗ್ಬೇಕು ಮೇಡಂ. ಬೇಗ ಬನ್ನಿ."

ಧ್ವನಿಯಲ್ಲಿ ಜಗಳವೂ ಇರಲಿಲ್ಲ, ವಿನಂತಿಯೂ ಇರಲಿಲ್ಲ. ಪಾಠ ಒಪ್ಪಿಸುವ ಮಕ್ಕಳ ಧ್ವನಿಯಂತಿತ್ತು. ಧಾರಾವಾಹಿ ನಿಂತುಹೋಗಿರಬೇಕು, ಅದಕ್ಕೆ ಇಷ್ಟು ಅವಸರ ಎಂದು ನಾನು ಹಾಲಪ್ಪನಿಗೆ ಸಿಡುಕಿದೆ. ಹೇಗೂ ಅದೇ ಊರಲ್ಲಿದ್ದೆವಲ್ಲ, ಹೋದೆವು.

ಮಹೇಶ್ವರಪ್ಪನವರ ಮನೆ ಹಳೆಯದು. ಮುಂದೆ ಜಗಲಿ, ಪಕ್ಕದಲ್ಲಿ ಕೊಬ್ಬರಿ ಗೋದಾಮು, ಒಳಗೆ ಮೊಳದಗಲದ ಗೋಡೆಗಳು. ಇಂಥ ಗೋಡೆಗಳಿಗೆ ಮೊಬೈಲ್ ಟವರಿನ ಸಿಗ್ನಲ್ ಎಂದರೆ ಆಗದು. ಜಗಲಿಯಲ್ಲಿ ಸಿಗುವ ಸಿಗ್ನಲ್ ನಡುಮನೆಗೆ ಬರುವಷ್ಟರಲ್ಲಿ ಸಾಯುತ್ತದೆ. ಅದಕ್ಕೇ ಅವರು ಫೈಬರ್ ಹಾಕಿಸಿಕೊಂಡಿದ್ದು. ಯಜಮಾನರು ಹಣೆಗೆ ವಿಭೂತಿ ಇಟ್ಟುಕೊಂಡು ಚೀಲಗಳ ಮೇಲೆ ಮಾರ್ಕು ಬರೆಸುತ್ತಿದ್ದವರು ನಮ್ಮನ್ನು ನೋಡಿ ಆಶ್ಚರ್ಯಪಟ್ಟರು.

"ನೆಟ್ಟಾ? ನಂಗೇನು ಗೊತ್ತಿಲ್ಲ ಕಣ್ರೀ. ನಂದು ಕೀಪ್ಯಾಡ್ ಫೋನು. ಅವ್ಳು ಪೂಜೇಲಿ ಕುಂತವ್ಳೆ. ಮಧ್ಯದಲ್ಲಿ ಒಂದ್ಸಲ ಎದ್ದು ಬಂದು ಜಗಲಿ ಮ್ಯಾಲಿದ್ದ ನನ್ ಫೋನ್ ತಗೊಂಡ್ಲು, ಏನೋ ಮಾತಾಡಿ ಮತ್ತೆ ಒಳಿಕ್ಕೆ ಹೋದ್ಲು. ನಾನು ಗೋದಾಮಲ್ಲಿದ್ದೆ, ಕೇಳ್ಲಿಲ್ಲ."

"ಎಷ್ಟು ಹೊತ್ತಿನಿಂದ ಪೂಜೆ?"

"ಬೆಳಗ್ಗೆಯಿಂದ. ತಿಂಡೀನೂ ತಿಂದಿಲ್ಲ. ಏನೋ ವ್ರತ ಇರ್ಬೇಕು. ನಮ್ಮನೇಲಿ ಶಿವಪೂಜೆಗೆ ಕುಂತೋರ್ನ ಯಾರೂ ಮಾತಾಡ್ಸಲ್ಲ, ಬಾಗ್ಲೂ ತಟ್ಟಲ್ಲ. ನಮ್ಮ ತಾತನ ಕಾಲದಿಂದ ಹಂಗೇ." ಆಮೇಲೆ ಒಳಗಿನ ಕಡೆ ನೋಡಿ ಹೇಳಿದರು, "ಇವತ್ತು ಗಂಟೆ ಸದ್ದೂ ಇಲ್ಲ."

ಅವರ ಮಾತಿನಲ್ಲಿ ಹೆಂಡತಿಯ ಭಕ್ತಿಯ ಬಗ್ಗೆ ಹೆಮ್ಮೆಯೇ ಇತ್ತು. ನಾನೂ ಅದನ್ನು ಹಾಗೆಯೇ ತೆಗೆದುಕೊಂಡೆ. ಆ ಮನೆಯದೇ ಹಿತ್ತಲಿನಲ್ಲಿ ತೊಂದರೆ ಸಿಕ್ಕಿತು. ಕಂಬದಿಂದ ಬಂದ ನಮ್ಮ ಕೇಬಲ್ಲಿನ ಮೇಲೆ ಯಜಮಾನರ ಒದ್ದೆ ಪಂಚೆ ಒಣಹಾಕಿದ್ದರು. ಭಾರಕ್ಕೆ ಕೇಬಲ್ ಜಗ್ಗಿ ಕಿಟಕಿಯ ಸರಳಿನ ಬಳಿ ಮಡಿಸಿಕೊಂಡಿತ್ತು. ಗಾಜಿನ ಎಳೆಯನ್ನು ಅಷ್ಟು ಬಗ್ಗಿಸಿದರೆ ಬೆಳಕು ತಿರುವಿನಲ್ಲಿ ಸೋರಿಹೋಗುತ್ತದೆ. ಮನೆಯ ರೌಟರಿಗೆ ತಲುಪುವ ಬೆಳಕನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತೇವೆ. ಮೈನಸ್ ಇಪ್ಪತ್ತರ ಆಸುಪಾಸು ಇದ್ದರೆ ಚೆನ್ನ, ಇಪ್ಪತ್ತೇಳು ದಾಟಿದರೆ ತೊಂದರೆ. ಅಲ್ಲಿ ಮೈನಸ್ ಇಪ್ಪತ್ತೊಂಬತ್ತು ಇತ್ತು. ಹಾಲಪ್ಪ ಪಂಚೆ ತೆಗೆದು, ಮಡಿಕೆ ಬಿಡಿಸಿ, ಕೇಬಲ್ಲನ್ನು ಸಡಿಲವಾಗಿ ಕಟ್ಟಿದ. ಅಂಕಿ ಇಪ್ಪತ್ತೊಂದಕ್ಕೆ ಬಂತು. ಅಷ್ಟೇ ಕೆಲಸ.

ನಡುಮನೆಯ ರೌಟರಿಗೆ ನನ್ನ ಫೋನ್ ಜೋಡಿಸಿ ಕೊನೆಯ ಪರೀಕ್ಷೆ ಮಾಡುವುದು ನನ್ನ ರೂಢಿ. ರೌಟರ್ ಎಂದರೆ ಮನೆಯ ಹೆಬ್ಬಾಗಿಲಿನಲ್ಲಿ ಕೂತ ಕಾವಲುಗಾರ. ಯಾವ ಫೋನಿಗೆ ಎಷ್ಟು ಒಳಗೆ ಬಂತು, ಯಾವ ಫೋನಿನಿಂದ ಎಷ್ಟು ಹೊರಗೆ ಹೋಯಿತು ಎಂದು ಅದು ತೋರಿಸುತ್ತದೆ. ಒಳಗೆ ಬರುವುದು ಡೌನ್‌ಲೋಡ್, ಹೊರಗೆ ಹೋಗುವುದು ಅಪ್‌ಲೋಡ್. ಸಾಧಾರಣ ಮನೆಗಳಲ್ಲಿ ಒಳಗೆ ಬರುವುದೇ ಹೆಚ್ಚು. ನಾವು ನೋಡುವವರು, ಕೇಳುವವರು. ನನ್ನದನ್ನು ಬಿಟ್ಟರೆ ಆ ಮನೆಯಲ್ಲಿ ಇದ್ದುದು ಒಂದೇ ಫೋನು. ಅದರಿಂದ ಡೇಟಾ ಹೊರಗೆ ಹೋಗುತ್ತಿತ್ತು, ನಿಲ್ಲದೆ, ಬೆಳಗ್ಗೆಯಿಂದ. ಒಳಗೆ ಬಂದದ್ದು ಅದರ ಮುಂದೆ ಏನೂ ಅಲ್ಲ.

"ಇದು ಯಾರ ಫೋನು?" ಎಂದೆ.

"ಅವ್ಳದೇ. ಒಳಗೇ ಇಟ್ಕಂಡವ್ಳೆ. ಪ್ರವಚನ ಕೇಳ್ತಿರ್ಬೇಕು."

ಪ್ರವಚನ ಕೇಳಿದರೆ ಡೇಟಾ ಒಳಗೆ ಬರಬೇಕು. ಇಲ್ಲಿ ಹೊರಗೆ ಹೋಗುತ್ತಿದೆ. ಎಂದರೆ ಆಕೆ ಏನನ್ನೂ ನೋಡುತ್ತಿಲ್ಲ. ದೇವರಮನೆಯ ಆ ಮುಚ್ಚಿದ ಬಾಗಿಲ ಹಿಂದೆ ಬೆಳಗ್ಗೆಯಿಂದ ಆಕೆಯನ್ನು ಬೇರೆ ಯಾರೋ ನೋಡುತ್ತಿದ್ದಾರೆ.

ಪೊಲೀಸರ ವೇಷ ಹಾಕಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ ಎಂದು ಹೆದರಿಸುವ ಕಳ್ಳರ ಬಗ್ಗೆ ನಮಗೆ ಸುತ್ತೋಲೆ ಬಂದಿತ್ತು. ಅದನ್ನು ಓದಿ, ಇಂಥದ್ದಕ್ಕೂ ಬೀಳುತ್ತಾರಾ ಜನ ಎಂದು ನಕ್ಕವಳು ನಾನು. ಈಗ ನನ್ನೆದುರಿಗೆ ಒಂದು ಬಾಗಿಲಿತ್ತು, ಒಳಗಿನಿಂದ ಚಿಲಕ ಹಾಕಿತ್ತು. ಆ ಬಾಗಿಲನ್ನು ಈ ಮನೆಯವರು ತಟ್ಟುವುದಿಲ್ಲ ಎಂದು ಗೊತ್ತಿದ್ದೇ ಆಕೆ ಅಲ್ಲಿ ಕೂತಿದ್ದರು. ಸಾಲದ್ದಕ್ಕೆ ತಡೆದು ತಡೆದು ಹೋಗುತ್ತಿದ್ದ ಚಿತ್ರವನ್ನು ಆ ಕಳ್ಳರಿಗೆ ನಿಚ್ಚಳ ಮಾಡಿಕೊಟ್ಟಿದ್ದು ಈಗಷ್ಟೇ ನಾವೇ.

ಮಹೇಶ್ವರಪ್ಪನವರನ್ನು ಹಿತ್ತಲಿಗೆ ಕರೆದು ಪಿಸುಮಾತಿನಲ್ಲಿ ಹೇಳಿದೆ. "ಬಾಗ್ಲು ಒಡೀತೀನಿ" ಎಂದು ಹೊರಟವರ ತೋಳು ಹಿಡಿದುಕೊಂಡೆ.

"ಬೇಡಿ ಯಜಮಾನ್ರೇ. ಒಳಗೆ ಏನು ಹೇಳಿ ಹೆದರಿಸಿದ್ದಾರೋ ನಮಗೆ ಗೊತ್ತಿಲ್ಲ. ಬಾಗಿಲು ಬಡಿದರೆ ಪೊಲೀಸರೇ ಬಂದರು ಅಂದ್ಕೊಳ್ತಾರೆ. ಒಳಗೆ ಏನೇನಿದೆ?"

"ದೀಪ, ಎಣ್ಣೆ, ಕರ್ಪೂರ." ಹೇಳುತ್ತ ಅವರು ಮನೆಯ ಕಡೆ ತಿರುಗಿದರು. "ಕಿಟಕಿ ಇಲ್ಲ."

ಲೈನನ್ನೇ ಕತ್ತರಿಸಬಹುದಿತ್ತು. ಒಂದು ಕ್ಷಣದ ಕೆಲಸ. ಆದರೆ ಕಾಲ್ ಕಟ್ ಆದರೆ ಹೀಗೆ ಮಾಡುತ್ತೇವೆ, ಹಾಗೆ ಮಾಡುತ್ತೇವೆ ಎಂದು ಅವರು ಮೊದಲೇ ಹೇಳಿರುತ್ತಾರೆ. ಥಟ್ಟನೆ ಕಟ್ ಆದರೆ ಆ ಕತ್ತಲ ಕೋಣೆಯಲ್ಲಿ ಒಬ್ಬರೇ ಕೂತ ಹೆಂಗಸು ಏನು ಮಾಡಿಕೊಳ್ಳುತ್ತಾರೆ? ನಾನು ಮೂವತ್ತೈದು ವರ್ಷ ಲೈನು ನೋಡಿಕೊಂಡವಳು. ಲೈನಿನ ತುದಿಯಲ್ಲಿ ಕೂತ ಮನುಷ್ಯರ ಬಗ್ಗೆ ಹೀಗೆ ಭಯಪಟ್ಟದ್ದು ಅದೇ ಮೊದಲು.

ಆಗ ಹೊಳೆದದ್ದು ಆ ಒದ್ದೆ ಪಂಚೆ. ಚಿತ್ರ ತಡೆಯುತ್ತಿದ್ದಾಗ ಆಕೆ ಎದ್ದು ಹೊರಗೆ ಬಂದು ನನಗೆ ಫೋನ್ ಮಾಡಿದ್ದರು. ಕಳ್ಳರೇ ಕಳಿಸಿದ್ದರು. ಮತ್ತೆ ತಡೆದರೆ ಮತ್ತೆ ಕಳಿಸುತ್ತಾರೆ.

"ಹಾಲಪ್ಪ, ಕೇಬಲ್ ಬಗ್ಗಿಸು. ಮುರಿಯಬೇಡ. ಮೊದಲು ಹೇಗಿತ್ತೋ ಹಾಗೆ."

ಹಾಲಪ್ಪ ಕಿಟಕಿಯ ಸರಳಿನ ಬಳಿ ಎರಡು ಬೆರಳಿನಲ್ಲಿ ಕೇಬಲ್ ಹಿಡಿದು ಮೆಲ್ಲಗೆ ಬಗ್ಗಿಸಿದ. ನಾನು ಒಳಗೆ ರೌಟರಿನ ಅಂಕಿ ನೋಡುತ್ತ ಕಿಟಕಿಯಿಂದ ಕೈಸನ್ನೆ ಮಾಡಿದೆ. ಇಪ್ಪತ್ತೈದು. ಇನ್ನೂ ಸ್ವಲ್ಪ. ಇಪ್ಪತ್ತೆಂಟು. ಹೆಚ್ಚು ಬಗ್ಗಿದರೆ ಪೂರ್ತಿ ಕಟ್ ಆಗುತ್ತದೆ, ಕಡಿಮೆಯಾದರೆ ಚಿತ್ರ ಸರಾಗವಾಗಿ ಹೋಗುತ್ತದೆ. ಬೆರಳು ನಡುಗದಂತೆ ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಇಪ್ಪತ್ತೊಂಬತ್ತಕ್ಕೆ ನಾನು ಕೈ ಎತ್ತಿದೆ. ಹೊರಗೆ ಹೋಗುತ್ತಿದ್ದ ಡೇಟಾ ಏರಿಳಿಯತೊಡಗಿತು, ಆಮೇಲೆ ಕುಸಿಯಿತು.

ಬಾಗಿಲು ತೆರೆಯಲಿಲ್ಲ. ಒಳಗೆ ಗುಸುಗುಸು ಮಾತು ಕೇಳಿಸಿತು. ಮಹೇಶ್ವರಪ್ಪ ಕಂಬಕ್ಕೆ ಒರಗಿ, ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನನಗೂ ದೇವರು ನೆನಪಾದರು. ಕೊನೆಗೆ ಚಿಲಕದ ಸದ್ದಾಯಿತು.

ಗಿರಿಜಮ್ಮ ಹೊರಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಮಡಿ ಸೀರೆ, ಅತ್ತು ಅತ್ತು ಊದಿದ ಕಣ್ಣು. ಫೋನನ್ನು ಮುಖಕ್ಕೆ ಎದುರಾಗಿ ಕನ್ನಡಿ ಹಿಡಿದಂತೆ ಹಿಡಿದುಕೊಂಡಿದ್ದರು. ಗಂಡನನ್ನು ಕಂಡ ಕೂಡಲೇ ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡಿ ಎಂದು ಸನ್ನೆ ಮಾಡಿದರು. ನನ್ನ ಕಡೆ ತಿರುಗಿ, "ಇನ್ನೂ ಸರಿಯಾಗಿಲ್ಲ ಮೇಡಂ" ಎಂದರು. ಮಾತಿನಲ್ಲಿ ಜೀವವೇ ಇರಲಿಲ್ಲ.

ನಾನು ಒಂದು ವಿಷಯ ಮರೆತಿದ್ದೆ. ನಡುಮನೆಯ ಹೊಸ್ತಿಲು ದಾಟಿ ಜಗಲಿಯ ಕಡೆ ಬರುತ್ತಿದ್ದಂತೆ ಆಕೆಯ ಫೋನಿಗೆ ಟವರಿನ ಸಿಗ್ನಲ್ ಸಿಕ್ಕಿತು. ಒಂದು ದಾರಿ ಕೆಟ್ಟರೆ ಇನ್ನೊಂದು ಹುಡುಕಿಕೊಳ್ಳುವುದು ಇಂಟರ್ನೆಟ್ಟಿನ ಗುಣ. ಆ ಗುಣವನ್ನು ನಾನು ಎಷ್ಟು ಜನರಿಗೆ ಹೊಗಳಿ ಹೇಳಿದ್ದೆನೋ. ಫೋನಿನಿಂದ ಗಂಡಸಿನ ಧ್ವನಿ ಬಂತು. ಶುದ್ಧವಾದ, ತಾಳ್ಮೆಯ ಕನ್ನಡ.

"ಪಕ್ಕದಲ್ಲಿ ಯಾರಿದ್ದಾರೆ?"

"ಲೈನ್ ರಿಪೇರಿಯವರು ಸಾರ್" ಎಂದರು ಗಿರಿಜಮ್ಮ.

"ಕೋಣೆಗೆ ಹಿಂತಿರುಗಿ. ನಿಮ್ಮ ಮಗಳ ಬಗ್ಗೆ ನಿಮಗೆ ಕಾಳಜಿ ಇದೆ ತಾನೆ?"

ನಾನು ಕೈ ಚಾಚಿ, "ಫೋನ್ ಕೊಡಿ, ಸಿಗ್ನಲ್ ನೋಡ್ತೀನಿ" ಎಂದೆ. ಕೊಡಲಿಲ್ಲ. ಹಿಡಿದು ಎಳೆದೆ. ಆಕೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ಕುಸಿದರು. "ಬ್ಯಾಡ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ. ನನ್ ಸೌಮ್ಯನ್ನ ಹಿಡ್ಕೊಂಡವ್ರೆ. ಕಟ್ ಮಾಡಿದ್ರೆ ಜೈಲಿಗೆ ಹಾಕ್ತಾರೆ."

ಅಷ್ಟು ಹೊತ್ತು ತನ್ನ ಕ್ಯಾಮೆರಾ ಮುಚ್ಚಿಟ್ಟಿದ್ದ ಖಾಕಿಯವನು ಈಗ ಪರದೆಯಲ್ಲಿ ಕಾಣಿಸಿಕೊಂಡ. ಹಿಂದೆ ಬಾವುಟ, ಮೇಜು, ಕಡತ. ನನ್ನನ್ನು ನೋಡಿ, "ನೀವು ತನಿಖೆಗೆ ಅಡ್ಡಿಪಡಿಸುತ್ತಿದ್ದೀರಿ. ನಿಮ್ಮ ಹೆಸರು ಹೇಳಿ, ನಿಮ್ಮ ಮೇಲೂ ಪ್ರಕರಣ ದಾಖಲಿಸುತ್ತೇವೆ" ಎಂದ. ಎಲ್ಲವೂ ನಾಟಕ ಎಂದು ಬಲ್ಲೆ, ಆದರೂ ನಾಲಿಗೆಯ ತುದಿಗೆ ನನ್ನ ಹೆಸರು ಬಂದುಬಿಟ್ಟಿತ್ತು. ಖಾಕಿಗೆ, ಆ ತಣ್ಣನೆಯ ಮಾತಿಗೆ ನಮ್ಮ ಮೈ ಹಾಗೆ ಒಗ್ಗಿಹೋಗಿದೆ. ಸುತ್ತೋಲೆ ಓದಿ ನಕ್ಕದ್ದಕ್ಕೆ ಆಗ ನಾಚಿಕೆಯಾಯಿತು.

ನಾನು ಆಕೆಯ ಪಕ್ಕ ನೆಲದ ಮೇಲೆ ಕೂತೆ. "ಗಿರಿಜಮ್ಮಾ, ಇದು ನನ್ನ ಲೈನು. ಇದರೊಳಗೆ ಬೆಳಕು ಬಿಟ್ಟು ಇನ್ನೇನೂ ಹೋಗಲ್ಲ. ಇದರಲ್ಲಿ ಯಾರೂ ಯಾರನ್ನೂ ಹಿಡ್ಕೊಂಡು ಹೋಗೋಕಾಗಲ್ಲ" ಎಂದು ಹೇಳಿ, ಆಕೆಯ ಬೆರಳುಗಳ ಮೇಲೆ ನನ್ನ ಬೆರಳಿಟ್ಟು ಕೆಂಪು ಗುರುತು ಒತ್ತಿದೆ. ಪರದೆ ಕಪ್ಪಾಯಿತು. ಆಕೆ ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ.

ಮಹೇಶ್ವರಪ್ಪ ಕೀಪ್ಯಾಡ್ ಫೋನಿನಿಂದ ಮಗಳಿಗೆ ಕರೆ ಮಾಡಿದರು. ಸೌಮ್ಯ ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು, ಎತ್ತಲಿಲ್ಲ. ಗಿರಿಜಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದರು. "ಹೇಳ್ದೆ ನಾನು, ಕಟ್ ಮಾಡ್ಬ್ಯಾಡಿ ಅಂತ." ನಾನು ತಲೆಗೆ ಕೈ ಅಡ್ಡ ಹಿಡಿದೆ. ಅಷ್ಟು ಧೈರ್ಯವಾಗಿ ಮಾತಾಡಿದ ನನ್ನೊಳಗೇ ಸಂಶಯ ಹುಟ್ಟಿತು. ಅಕಸ್ಮಾತ್ ನಿಜವಾಗಿದ್ದರೆ? ಆ ಹುಡುಗಿಗೆ ಏನಾದರೂ ಆಗಿದ್ದರೆ? ಅಂಥ ಯೋಚನೆ ಬಂದದ್ದೇ ಅವರ ಗೆಲುವು ಎಂದು ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಆ ಜಗಲಿಯಲ್ಲಿ ನಾವು ಮೂರು ಜನ ಪುಟ್ಟ ಫೋನೊಂದನ್ನು ನೋಡುತ್ತ ಕೂತಿದ್ದೆವು.

ಅದು ರಿಂಗಾಯಿತು.

"ಏನಪ್ಪಾ, ಇಷ್ಟು ಸಲ ಮಾಡಿದೀಯ? ವಾರ್ಡಲ್ಲಿದ್ದೆ ಕಣಪ್ಪಾ, ಫೋನ್ ಹೊರಗಿಟ್ಟಿದ್ದೆ."

ಮಹೇಶ್ವರಪ್ಪ ಫೋನನ್ನು ಹೆಂಡತಿಯ ಕಿವಿಗೆ ಹಿಡಿದರು. ಗಿರಿಜಮ್ಮ ಮಗಳ ಮಾತನ್ನು ಕೇಳುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಹಾಲಪ್ಪ ಇನ್ನೂ ಕೇಬಲ್ ಬಗ್ಗಿಸಿ ಹಿಡಿದುಕೊಂಡೇ ನಿಂತಿದ್ದ. ಬಿಡು ಎಂದು ಯಾರೂ ಹೇಳಿರಲಿಲ್ಲ.

ಸೈಬರ್ ಅಪರಾಧದ ಸಹಾಯವಾಣಿಗೆ ದೂರು ಕೊಟ್ಟೆವು. ಸೌಮ್ಯಳ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಬೆಳಗ್ಗೆ ಶುರುವಾದ ಕರೆಯಂತೆ ಅದು. ಬ್ಯಾಂಕಿನ ವಿವರ ಕೇಳುವ ಹಂತಕ್ಕೆ ಬಂದಾಗ ಚಿತ್ರ ತಡೆಯತೊಡಗಿತ್ತು. ಮಹೇಶ್ವರಪ್ಪನವರ ಒದ್ದೆ ಪಂಚೆ ಅಷ್ಟು ಉಪಕಾರ ಮಾಡಿತ್ತು.

ಆದರೆ ಗಿರಿಜಮ್ಮನ ಭಯ ಹೋಗಲಿಲ್ಲ. ಟಿವಿಯ ಮೇಲೆ ಟವೆಲ್ ಹೊದಿಸಿದರು. ರೌಟರಿನ ಮೇಲೆ ಬುಟ್ಟಿ ಮುಚ್ಚಿದರು. "ಮನೆಯೆಲ್ಲಾ ಕಾಣ್ತೈತೆ ಅಂದ್ರು. ಈಗ್ಲೂ ನೋಡ್ತಾವ್ರೆ ಮೇಡಂ" ಎಂದು ಗೋಡೆಯ ಮೂಲೆ ಮೂಲೆ ನೋಡುತ್ತಿದ್ದರು. ಹೆದರಬೇಡಿ ಎಂದರೆ ಹೋಗುವ ಭಯ ಅದಲ್ಲ. ಆಕೆಗೆ ಇಂಟರ್ನೆಟ್ ಎಂದರೆ ಗಾಳಿಯಲ್ಲಿ ತುಂಬಿಕೊಂಡಿರುವ ಒಂದು ಕಣ್ಣು. ಆ ಕಣ್ಣು ಇಲ್ಲ ಎಂದು ತೋರಿಸಬೇಕಿತ್ತು.

ಗೋದಾಮಿಗೆ ಕರೆದುಕೊಂಡು ಹೋದೆ. "ಗಿರಿಜಮ್ಮಾ, ಈ ಕೊಬ್ಬರಿ ತಿಪಟೂರಿಗೆ ಹೇಗೆ ಹೋಗ್ತದೆ?"

"ಚೀಲಕ್ಕೆ ತುಂಬಿ, ಮಾರ್ಕು ಬರ್ದು, ನಂಬರ್ ಹಾಕಿ."

"ನಿಮ್ಮ ಚಿತ್ರವೂ ಹಾಗೇ. ಇಡೀ ಚಿತ್ರ ಒಟ್ಟಿಗೆ ಹೋಗಲ್ಲ. ಫೋನು ಅದನ್ನ ಚೂರು ಚೂರು ಮಾಡಿ ಚೀಲಕ್ಕೆ ತುಂಬ್ತದೆ. ನಮ್ಮ ಭಾಷೇಲಿ ಅದಕ್ಕೆ ಪ್ಯಾಕೆಟ್ ಅಂತಾರೆ. ಪ್ರತಿ ಚೀಲದ ಮೇಲೆ ಕಳಿಸಿದವರ ವಿಳಾಸ, ತಲುಪಬೇಕಾದ ವಿಳಾಸ, ನಂಬರು. ಒಂದು ಚೀಲ ತರೀಕೆರೆ ಮೇಲೆ ಹೋಗಬಹುದು, ಇನ್ನೊಂದು ಕಡೂರಿನ ಮೇಲೆ. ಆ ಕಡೆಯವರು ನಂಬರ್ ನೋಡಿ ಜೋಡಿಸ್ಕೊಳ್ತಾರೆ."

"ದಾರೀಲಿ ಒಂದು ಚೀಲ ಕಳ್ದೋದ್ರೆ?" ವ್ಯಾಪಾರದ ಮನೆಯ ಹೆಂಗಸು ಕೇಳುವ ಪ್ರಶ್ನೆಯೇ ಅದು. ಬೆಳಗ್ಗೆಯಿಂದ ಆಕೆ ಆಡಿದ ಮೊದಲ ಜೀವಂತ ಮಾತು.

"ತಲುಪಿದ ಚೀಲಕ್ಕೆ ಆ ಕಡೆಯಿಂದ ‘ಬಂತು’ ಅಂತ ಉತ್ತರ ಬರಬೇಕು. ಬರಲಿಲ್ಲ ಅಂದ್ರೆ ಕಳಿಸಿದವರು ಸುಮ್ನಿರಲ್ಲ, ಮತ್ತೆ ಕಳಿಸ್ತಾರೆ. ಮುಖ್ಯವಾದ ಸಾಮಾನೆಲ್ಲ ಹಾಗೇ ಹೋಗೋದು. ಈಗ ಹೇಳಿ, ನೀವು ಚೀಲಕ್ಕೆ ತುಂಬದೇ ಇದ್ದದ್ದು ತಿಪಟೂರಿಗೆ ಹೋಗ್ತದಾ?"

ಆಕೆ ಯೋಚಿಸಿದರು. "ಅದೆಂಗೋಯ್ತದೆ?"

"ನಿಮ್ಮ ಫೋನಿನ ಕ್ಯಾಮೆರಾ ಎದುರು ಇದ್ದದ್ದು ಮಾತ್ರ ಅವನಿಗೆ ಹೋಯ್ತು. ಮನೆ ಕಾಣ್ಲಿಲ್ಲ, ಯಜಮಾನ್ರು ಕಾಣ್ಲಿಲ್ಲ. ಕಾಣೋ ಹಾಗಿದ್ರೆ ಪಕ್ಕದಲ್ಲಿ ಯಾರು ಅಂತ ಯಾಕೆ ಕೇಳ್ತಿದ್ದ?"

ಈ ಮಾತು ನಾಟಿತು. ಆದರೂ ಸುಮ್ಮನಾಗಲಿಲ್ಲ. "ಹಂಗಾರೆ ನನ್ ಮಗಳ ಹೆಸ್ರು, ಕಾಲೇಜು ಎಲ್ಲ ಹೆಂಗೆ ಗೊತ್ತಾಯ್ತು?" ಎಂದರು. ಆಕೆಯ ಫೋನಿನಲ್ಲೇ ತೋರಿಸಿದೆ. ಕಾಲೇಜಿಗೆ ಸೇರಿದ ದಿನ ಮಗಳ ಫೋಟೋವನ್ನು ಆಕೆಯೇ ಎಲ್ಲರಿಗೂ ಕಾಣುವಂತೆ ಹಾಕಿದ್ದರು. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ, ಅಕ್ಷರ ಓದುವಷ್ಟು ಸ್ಪಷ್ಟವಾಗಿತ್ತು. "ಸಂತೋಷಕ್ಕೆ ಹಾಕಿದ್ದೆ" ಎಂದರು ಮೆಲ್ಲಗೆ.

ಕೊನೆಗೆ ರೌಟರಿನ ಮೇಲಿನ ಬುಟ್ಟಿ ತೆಗೆಸಿ, ಅದರ ಹಿಂದಿನ ಫೈಬರನ್ನು ಆಕೆಯ ಕೈಯಿಂದಲೇ ಬಿಚ್ಚಿಸಿದೆ. ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು. ತುದಿಯನ್ನು ಕಣ್ಣಿಗೆ ಹಿಡಿಯಬೇಡಿ ಎಂದು ಹೇಳಿ, ಫೋನಿನ ಡೇಟಾವನ್ನೂ ಆರಿಸಲು ಕಲಿಸಿದೆ. "ಈಗ ಈ ಮನೆಯಿಂದ ಒಂದು ಚೀಲವೂ ಹೊರಗೆ ಹೋಗಲ್ಲ. ಬೇಕಾದಾಗ ಬಿಚ್ಚಿ, ಬೇಕಾದಾಗ ಸಿಕ್ಕಿಸಿ. ಬಾಗಿಲು ನಿಮ್ಮ ಕೈಲಿದೆ." ಆಕೆ ಬಿಚ್ಚಿದರು, ಸಿಕ್ಕಿಸಿದರು, ಮತ್ತೆ ಬಿಚ್ಚಿದರು. ಎಷ್ಟೋ ಸಲ ಮಾಡಿದ ಮೇಲೆ, "ಹಾಲಪ್ಪಾ, ನೀವು ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದರು. ಆಗ ನನಗೆ ಧೈರ್ಯ ಬಂತು.

ಈ ವೃತ್ತಿ ನನಗೆ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಲೈನು ಚಾಲೂ ಇದೆಯೇ ಎಂದಷ್ಟೇ ನೋಡುವುದು ಅರ್ಧ ಕೆಲಸ. ತುದಿಯಲ್ಲಿರುವವರು ಹೇಗಿದ್ದಾರೆ ಎಂದು ಕೇಳುವುದು ಉಳಿದರ್ಧ. ಉತ್ತರ ಬರದಿದ್ದರೆ ಸುಮ್ಮನಿರಬಾರದು, ಮತ್ತೆ ಕೇಳಬೇಕು. ನಮ್ಮ ಯಂತ್ರಗಳು ಇದನ್ನು ಕ್ಷಣಕ್ಷಣವೂ ಮಾಡುತ್ತವೆ. ಮನೆಗಳಲ್ಲಿ ನಾವು ಮರ್ಯಾದೆಗೆ, ಭಕ್ತಿಗೆ, ಸಂಕೋಚಕ್ಕೆ ಕಟ್ಟುಬಿದ್ದು ಬಿಟ್ಟುಬಿಡುತ್ತೇವೆ.

ನಿವೃತ್ತಿಯ ಮುನ್ನ ಇನ್ನೊಮ್ಮೆ ಅಜ್ಜಂಪುರಕ್ಕೆ ಹೋದಾಗ ಆ ಮನೆಗೂ ಹೋಗಿದ್ದೆ. ಗಿರಿಜಮ್ಮ ಪೂಜೆಯಲ್ಲಿದ್ದರು, ಬಾಗಿಲು ಮುಚ್ಚಿತ್ತು. ಅವರ ಫೋನು ಹೊರಗೆ ಗೂಡಿನಲ್ಲಿತ್ತು. ಜಗಲಿಯಲ್ಲಿ ನನಗೆ ಕಾಫಿ ತಂದಿಟ್ಟ ಮಹೇಶ್ವರಪ್ಪ, ಮಾತಿನ ನಡುವೆ ಎದ್ದು ಒಳಗೆ ಹೋಗಿ, ತಾತನ ಕಾಲದಿಂದ ಯಾರೂ ತಟ್ಟದ ಆ ಬಾಗಿಲನ್ನು ಬೆರಳಿನಿಂದ ತಟ್ಟಿದರು.

"ಗಿರಿಜಾ."

ಒಳಗಿನಿಂದ ಪೂಜೆಯ ಗಂಟೆ ಒಂದು ಸಲ ಸದ್ದು ಮಾಡಿತು.

"ಬಂತು" ಎಂದು ಹೇಳಿ ಅವರು ಮತ್ತೆ ಬಂದು ಕೂತರು.